ಆತ್ಮಿಕ ಅರ್ಥದ ನೀರು

ನಮ್ಮ ಸಭೆಗಳಲ್ಲಿ ದೇವರ ವಾಕ್ಯಕ್ಕೆ ಉತ್ತರ ಕೊಡುವುದು ಎಂದರೆ ಕೈ ಎತ್ತುವುದು. ಪ್ರಸಂಗ ಮುಗಿಯುವ ಹೊತ್ತಿಗೆ ಕೀಬೋರ್ಡಿನವನು ಮೆಲ್ಲಗೆ ಒಂದು ಸ್ವರ ಹಿಡಿದು ಕೂರುತ್ತಾನೆ, ಪ್ರಸಂಗಿಗಳ ಗಂಟಲು ತುಂಬಿ ಬರುತ್ತದೆ. "ಈ ವಾಕ್ಯಕ್ಕ ಇವತ್ತು ಯಾರ್ಯಾರು ಒಪ್ಪಿಕೊಳ್ತೀರಿ? ಕಣ್ಣ ಮುಚ್ಚಿ ಕೈ ಎತ್ರಿ" ಎನ್ನುತ್ತಾರೆ. ಎಲ್ಲರೂ ಎತ್ತುತ್ತಾರೆ. ಕಣ್ಣು ಮಾತ್ರ ಪೂರ್ತಿ ಮುಚ್ಚುವುದಿಲ್ಲ. ಪಕ್ಕದವರು ಎತ್ತಿದರೋ ಇಲ್ಲವೋ ನೋಡಬೇಕಲ್ಲ. ಆಮೇಲೆ ಸ್ತೋತ್ರ, ಆಮೇಲೆ ಅನ್ನ ಸಾರು, ಆಮೇಲೆ ಚಪ್ಪಲಿ ಹುಡುಕುವ ಗದ್ದಲ. ವಾಕ್ಯದ ಕೆಲಸ ಅಲ್ಲಿಗೆ ಮುಗಿಯಿತು.

ನಾನು ಇದರಲ್ಲೇ ಹುಟ್ಟಿ ಬೆಳೆದವಳು, ಹಾಗಾಗಿ ಇದನ್ನು ಹೀಯಾಳಿಸುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಬೀದರಿನ ಮೈಲೂರದಲ್ಲಿ ನಮ್ಮ ಮನೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತೇನೆ. ಕೈ ಎತ್ತುವುದನ್ನು ಬಿಟ್ಟು ಬಹಳ ವರ್ಷವಾಯಿತು. ಹಿಂದಿನ ಸಾಲಿನಲ್ಲಿ ಕೂತು ಎತ್ತಿದವರನ್ನು ನೋಡುತ್ತೇನೆ.

ಎತ್ತುವವರಲ್ಲಿ ನಮ್ಮ ಅಣ್ಣನೇ ಮೊದಲಿಗ. ಭಾಲ್ಕಿಯಲ್ಲಿ ಅವನದು ಸಿಮೆಂಟು, ಕಬ್ಬಿಣದ ಅಂಗಡಿ. ವಯಸ್ಸಿನಲ್ಲಿ ಕೆಲವು ವರ್ಷ ಹೈದರಾಬಾದಿನಲ್ಲಿ ದುಡಿದು ಬಂದವನು, ತೆಲುಗು ಚೆನ್ನಾಗಿ ಬರುತ್ತದೆ, ಕಂಠ ದೊಡ್ಡದು. ಅಲ್ಲಿನ ಸಭೆಯ ಹಿರಿಯರಲ್ಲಿ ಒಬ್ಬ. ಅವನು ಏನು ಮಾಡಿದರೂ ಅದಕ್ಕೆ ಮೊದಲು "ವಾಕ್ಯ ಬಂತು" ಎನ್ನುತ್ತಾನೆ. ಕಾರು ತೆಗೆದುಕೊಂಡಾಗ ವಾಕ್ಯ ಬಂದಿತ್ತು. ಕಾರಿನ ಬಣ್ಣಕ್ಕೂ ಬಂದಿತ್ತೇನೋ, ಕೇಳಲಿಲ್ಲ. ನನ್ನ ಗಂಡನ ಆಪರೇಷನ್ನಿನ ಹೊತ್ತಿಗೆ ಬೀದರಿಗೆ ಬಂದು ಒಂದು ದಿನ ಆಸ್ಪತ್ರೆಯಲ್ಲಿ ಕೂಡಬೇಕಾಗಿ ಬಂದಾಗ ಮಾತ್ರ ಯಾವ ವಾಕ್ಯವೂ ಬರಲಿಲ್ಲ. ಫೋನಿನಲ್ಲಿ ಪ್ರಾರ್ಥನೆ ಬಂತು.

ಹೊಸ ವರ್ಷದ ದಿನ ನಮ್ಮಲ್ಲಿ ಒಂದು ತಟ್ಟೆಯಲ್ಲಿ ವಾಗ್ದಾನದ ಚೀಟಿಗಳನ್ನು ಇಟ್ಟು ಎಲ್ಲರ ಮುಂದೆ ಹಿಡಿಯುತ್ತಾರೆ. ಒಬ್ಬೊಬ್ಬರು ಒಂದೊಂದು ಎತ್ತಿಕೊಳ್ಳಬೇಕು. ಅದು ಆ ವರ್ಷಕ್ಕೆ ದೇವರು ಅವರಿಗೇ ಆಡಿದ ಮಾತು. ನಿನ್ನ ಕಣಜ ತುಂಬುತ್ತದೆ, ನಿನ್ನ ಮುಂದೆ ಬಾಗಿಲು ತೆರೆಯುತ್ತದೆ, ನಿನ್ನ ತಲೆ ಎತ್ತರವಾಗುತ್ತದೆ, ಇಂಥವೇ ಎಲ್ಲ. ಇಷ್ಟು ವರ್ಷದಲ್ಲಿ "ಹೋಗಿ ಕೊಡು" ಎಂದೋ "ಹೋಗಿ ಕ್ಷಮೆ ಕೇಳು" ಎಂದೋ ಬರೆದ ಒಂದು ಚೀಟಿಯನ್ನೂ ನಾನು ಆ ತಟ್ಟೆಯಲ್ಲಿ ಕಂಡಿಲ್ಲ. ಅಚ್ಚು ಹಾಕಿಸುವವರಿಗೆ ಗಿರಾಕಿಗಳ ರುಚಿ ಗೊತ್ತು. ಅಷ್ಟಾಗಿಯೂ ನಮ್ಮ ಅಣ್ಣ ಒಮ್ಮೆ ಎತ್ತಿದ ಚೀಟಿ ಸಪ್ಪೆ ಎನಿಸಿ ಮತ್ತೆ ತಟ್ಟೆಗೆ ಹಾಕಿ ಇನ್ನೊಂದು ತೆಗೆದುಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಇನ್ನೊಂದಕ್ಕೆ ಕಟ್ಟು ಹಾಕಿಸಿ ಅಂಗಡಿಯ ಗಲ್ಲಾದ ಮೇಲೆ ತೂಗುಹಾಕಿದ.

ನಮ್ಮ ಅವ್ವ ಅವನ ಮನೆಯಲ್ಲೇ ಇದ್ದಳು. ಓದು ಬಾರದವಳು. ವಾಕ್ಯ ಎಂದರೆ ಅವಳಿಗೆ ಕಿವಿಗೆ ಬಿದ್ದದ್ದಷ್ಟೇ. ಅವಳೂ ಕೈ ಎತ್ತುತ್ತಿರಲಿಲ್ಲ. ಇವಳಿಗೂ ನನ್ನಂತೆಯೇ ಅಸಹ್ಯವೇನೋ ಎಂದು ಒಮ್ಮೆ ಖುಷಿಯಿಂದ ಕೇಳಿದ್ದೆ.

"ತೋಳು ನೋಯ್ತದ ಬೇ" ಎಂದಿದ್ದಳು.

ಖಟಕ ಚಿಂಚೋಳಿಯಲ್ಲಿ ನಮ್ಮದೊಂದು ಹೊಲವಿದೆ, ಊರೊಳಗೆ ಹಳೆಯದೊಂದು ಸಣ್ಣ ಮನೆಯೂ. ಅಪ್ಪ ಬದುಕಿದ್ದಾಗ ಹೊಲದಲ್ಲಿ ಬೋರು ಹಾಕಿಸಿ, ಬಂಡಿದಾರಿಯ ಪಕ್ಕಕ್ಕೆ ಕಲ್ಲು ಸಿಮೆಂಟಿನ ಉದ್ದನೆಯ ತೊಟ್ಟಿ ಕಟ್ಟಿಸಿದ್ದರು. ದಾರಿಯಲ್ಲಿ ಹೋಗುವ ಯಾರ ದನ, ಯಾರ ಕುರಿಯಾದರೂ ಕುಡಿಯಬಹುದಿತ್ತು. ನಮ್ಮ ಹೊಲದ ಆಚೆ ಕುರಿ ಸಾಕುವ ಒಂದು ಕುಟುಂಬವಿದೆ. ತಲೆತಲಾಂತರದಿಂದ ಅದೇ ಊರಿನವರು, ಹಿಂದೂಗಳು, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಅವರ ಮಂದೆಗೆ ಬೇಸಿಗೆಯಲ್ಲಿ ನಮ್ಮ ತೊಟ್ಟಿಯೇ ಹತ್ತಿರದ ನೀರು.

ಒಂದು ಚಳಿಗಾಲದಲ್ಲಿ ಅವರ ಕುರಿಗಳು ನಮ್ಮ ಕಡಲೆ ಹೊಲಕ್ಕೆ ನುಗ್ಗಿ ಒಂದು ಮೂಲೆ ಮೇಯ್ದುಬಿಟ್ಟವು. ತಪ್ಪು ಅವರದೇ. ಕುರಿಯವನು ಭಾಲ್ಕಿಯ ಮನೆಗೇ ಬಂದು ಅಂಗಳದಲ್ಲಿ ನಿಂತು ತಪ್ಪಾಯಿತು ಎಂದ, ಪರಿಹಾರವೆಂದು ಕೊಬ್ಬಿದ ಒಂದು ಟಗರು ತಂದುಕೊಟ್ಟ. ಅಣ್ಣ ಟಗರನ್ನು ಇಟ್ಟುಕೊಂಡ. ಕ್ರಿಸ್‌ಮಸ್ಸಿಗೆ ಅದು ಬಿರಿಯಾನಿಯಾಯಿತು, ಪಾಸ್ಟರರೂ ಬಂದು ಉಂಡು ಆಶೀರ್ವಾದ ಮಾಡಿದರು. ಹೊಸ ವರ್ಷ ಕಳೆದ ಮೇಲೆ ಅಣ್ಣ ಹೊಲಕ್ಕೆ ಹೋಗಿ ಮೋಟರಿನ ಸ್ಟಾರ್ಟರ್ ಡಬ್ಬಿಗೆ ಬೀಗ ಹಾಕಿಸಿದ. ಖಾಲಿ ತೊಟ್ಟಿಯ ಮೇಲೆ ಜಾಲಿಮುಳ್ಳು ಹೊದಿಸಿದ. ಹೊಲವನ್ನು ಪಾಲಿಗೆ ಮಾಡುವವನಿಗೆ ಬೆಳೆಗೆ ನೀರು ಬೇಕಾದಾಗ ಇವನನ್ನು ಕೇಳಿ ಚಾವಿ ಒಯ್ಯಬೇಕೆಂದ. ಕುರಿಗಳು ನಾಲೆಯ ತನಕ ನಡೆಯತೊಡಗಿದವು. ಬಿಸಿಲು ಏರಿದಂತೆ ನಾಲೆಯೂ ಬತ್ತಿತು.

ಟಗರನ್ನು ತಿಂದು ಬೀಗ ಹಾಕಿದವನನ್ನು ನಾನು ಫೋನಿನಲ್ಲಿ ಕೇಳಿದೆ: "ಅಣ್ಣ, ಅದನ್ನ ತಿಂದ ಮ್ಯಾಲ ಲೆಕ್ಕ ಮುಗೀಲಿಲ್ಲೇನು?"

"ಟಗರು ಕಡ್ಲಿಗಿ. ಬೀಗ ಬುದ್ಧಿಗಿ" ಎಂದ. ತನ್ನ ಮಾತು ತನಗೇ ಹಿಡಿಸಿ ಇನ್ನೊಮ್ಮೆ ಹೇಳಿದ.

ಆ ಬೇಸಿಗೆಯಲ್ಲಿ ಭಾಲ್ಕಿಯಲ್ಲಿ ಉಜ್ಜೀವನ ಕೂಟ ನಡೆಯಿತು. ಶಾಲೆಗೆ ರಜೆ ಇದ್ದುದರಿಂದ ನಾನು ಅವ್ವನ ಜೊತೆಗೆಂದು ಹೋಗಿದ್ದೆ. ಹೈದರಾಬಾದಿನಿಂದ ಒಬ್ಬ ಪ್ರಸಂಗಿ ಬಂದಿದ್ದರು. ಅವರು ಆಡುವುದು ತೆಲುಗು. ಅದನ್ನು ಕನ್ನಡಕ್ಕೆ ಮಾಡಿ ಹೇಳುವ ಸೇವೆ ನಮ್ಮ ಅಣ್ಣನದು. ಬಿಳಿ ಅಂಗಿ, ಬಿಳಿ ಪ್ಯಾಂಟು, ಕೈಯಲ್ಲಿ ಇನ್ನೊಂದು ಮೈಕು. ಪ್ರಸಂಗಿ ಪಾಪ, ಸಣ್ಣ ದನಿಯ ಮನುಷ್ಯ, ಸೀದಾ ಸೀದಾ ಮಾತಾಡುತ್ತಿದ್ದರು. ಅವರು ಒಂದು ಮಾತು ಹೇಳಿದರೆ ಇವನು ಅದಕ್ಕೆ ತಲೆ, ಬಾಲ, ಕೊಂಬು ಎಲ್ಲ ಜೋಡಿಸಿ ಬಿಡುತ್ತಿದ್ದ. ಅವರು ಮುಗುಳ್ನಕ್ಕ ಕಡೆ ಇವನು ಅಳುತ್ತಿದ್ದ. ಜನಕ್ಕೆ ಇವನೇ ಹಿಡಿಸಿದ.

ಕೊನೆಯ ದಿನದ ಪ್ರಸಂಗ ಶತ್ರುವಿನ ಬಗ್ಗೆ. ನಿನ್ನ ಶತ್ರು ಬಾಯಾರಿದ್ದರೆ ಅವನಿಗೆ ನೀರು ಕೊಡು ಎಂಬ ಮಾತು. ಪ್ರಸಂಗಿ ಅದನ್ನು ಮೆಲ್ಲಗೆ ಹೇಳಿ ಸುಮ್ಮನಾದರು. ಅಣ್ಣ ಮೈಕನ್ನು ತುಟಿಗೆ ಒತ್ತಿ ಹಿಡಿದು, "ನೀರು ಕೊಡು! ಇವತ್ತೇ ಕೊಡು! ನಾಳಿ ಅನಬ್ಯಾಡ, ನಾಳಿ ನಿನ್ನ ಕೈಯಾಗಿಲ್ಲ!" ಎಂದು ಗುಡುಗಿದ. ಪೆಂಡಾಲು ಆಮೆನ್ ಎಂದಿತು. ಯಾರ್ಯಾರು ಈ ವಾಕ್ಯಕ್ಕೆ ವಿಧೇಯರಾಗುತ್ತೀರಿ ಎಂದು ಕೇಳಿದಾಗ, ಪ್ರಶ್ನೆಯನ್ನು ಕನ್ನಡಕ್ಕೆ ಮಾಡುತ್ತ ಮಾಡುತ್ತಲೇ ಅಣ್ಣ ತನ್ನ ಕೈ ಎತ್ತಿದ. ಕಣ್ಣೀರು ಕೆನ್ನೆಗೆ ಇಳಿದಿತ್ತು. ಸುಳ್ಳು ಕಣ್ಣೀರಲ್ಲ ಅದು, ಅದೇ ನನಗೆ ಹೆಚ್ಚು ಹೇಸಿಗೆ ತಂದದ್ದು. ಅವನು ಆ ಕ್ಷಣಕ್ಕೆ ನಿಜವಾಗಿಯೂ ಅಳಬಲ್ಲ. ಅತ್ತ ಮೇಲೆ ಕೆಲಸ ಆಯಿತೆಂದು ನಿಜವಾಗಿಯೂ ನಂಬಬಲ್ಲ.

ಮರುದಿನ ಬೆಳಗ್ಗೆ ಅವ್ವ ಚಹಾ ಕುಡಿದು ತಲೆಗೆ ಸೆರಗು ಹೊದ್ದು ನಿಂತಿದ್ದಳು.

"ಚಿಂಚೋಳಿಗಿ ಹೋಗ್ತೇನಿ. ಬರ್ತಿಯೇನು?"

"ಈ ಬಿಸಿಲಾಗ ಯಾಕ ಅವ್ವ?"

"ನಿನ್ನಿ ಕೇಳ್ಲಿಲ್ಲೇನು?"

ಏನು ಕೇಳಲಿಲ್ಲ ಎಂಬುದು ನನಗೆ ಬಸ್ಸು ಹತ್ತಿ ಕೂತ ಮೇಲೂ ಹೊಳೆಯಲಿಲ್ಲ. ಪ್ರಸಂಗವನ್ನು ಕೇಳಿ ಮರುದಿನ ಬಸ್ಸು ಹತ್ತಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಹೊಲಕ್ಕೆ ಹೋದದ್ದೇ ಅವಳು ತೊಟ್ಟಿಯ ಮೇಲಿನ ಜಾಲಿಮುಳ್ಳನ್ನು ಕೋಲಿನಿಂದ ಎಳೆದೆಳೆದು ಬದಿಗೆ ಹಾಕಿದಳು. ಮುಂಗೈಗೆ ಮುಳ್ಳು ಗೀರಿತು, ಸೆರಗಿನಿಂದ ಒರೆಸಿಕೊಂಡಳು. ಆಮೇಲೆ ಒಡ್ಡಿನಿಂದ ಕಲ್ಲೊಂದನ್ನು ಎತ್ತಿಕೊಂಡು ಸ್ಟಾರ್ಟರ್ ಡಬ್ಬಿಯ ಮುಂದೆ ನಿಂತಳು. ಬೀಗ ಅಗ್ಗದ್ದು, ಅಣ್ಣನ ಅಂಗಡಿಯದೇ ಇರಬೇಕು; ಹೊಡೆಯುತ್ತ ಹೊಡೆಯುತ್ತ ಕೊಂಡಿಯೇ ಕಿತ್ತು ಬಂತು. ಅವ್ವ ಹಸಿರು ಗುಂಡಿ ಒತ್ತಿದಳು. ಏನೂ ಆಗಲಿಲ್ಲ. ಕರೆಂಟು ಇರಲಿಲ್ಲ.

ಹೊಲದ ಕರೆಂಟು ಪಾಳಿಯ ಪ್ರಕಾರ ಬರುತ್ತದೆ, ಬಂದಾಗ ಬಂತು. ನನಗೆ ನಗು ತಡೆಯಲಾಗಲಿಲ್ಲ. "ಬಾ ಅವ್ವ, ಊರಾಗ ಮನಿಗಿ ಹೋಗಿ ಕೂಡೋಣು" ಎಂದೆ. ಅವಳು ಬೇವಿನ ಗಿಡದ ಕೆಳಗೆ ಹೋಗಿ ಕೂತು ಕಾಲು ಚಾಚಿದಳು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಕುರಿಯವನು ಮಂದೆ ಹೊಡೆದುಕೊಂಡು ದಾರಿಗೆ ಬಂದ. ಮುಳ್ಳು ಸರಿದದ್ದನ್ನು, ಬೀಗ ನೆಲದಲ್ಲಿ ಬಿದ್ದದ್ದನ್ನು ನೋಡಿ ದೂರದಲ್ಲೇ ನಿಂತ. ಕುರಿಗಳು ಮಾತ್ರ ಬಂದು ಒಣಗಿದ ತೊಟ್ಟಿಯೊಳಗೆ ಮೂತಿ ಇಟ್ಟವು.

"ಬಾರೋ ತಮ್ಮಾ, ನೆಳ್ಳಿಗಿ ಬಾ" ಎಂದಳು ಅವ್ವ.

"ಬ್ಯಾಡ ಆಯಿ. ಸಾವ್ಕಾರ್ರು ನಮಗ ಬೈತಾರ. ಬೀಗ ನಾವೇ ಒಡದೀವಿ ಅಂತಾರ."

"ನಾ ಒಡದೀನಿ ಅಂತ ಹೇಳು. ಕರೆಂಟ್ ಬರ್ತದ, ನಿಂದ್ರು."

ಅವನು ಹೋಗಲೂ ಇಲ್ಲ, ಹತ್ತಿರ ಬರಲೂ ಇಲ್ಲ. ಹಾಗೇ ಬಿಸಿಲಲ್ಲಿ ಕಂಬಳಿ ತಲೆಗೆ ಹಾಕಿಕೊಂಡು ಕೂತ. ಡಬ್ಬಿಯ ಕೆಂಪು ದೀಪ ಹತ್ತಿದಾಗ ಮೊದಲು ಎದ್ದು ಗುಂಡಿ ಒತ್ತಿದವಳು ಅವ್ವ; ಮೋಟರು ಗುರ್ ಎಂದಿತು. ಪೈಪಿನಿಂದ ಕೆಂಪು ನೀರು ಬಂತು, ಆಮೇಲೆ ತಿಳಿ ನೀರು. ಕುರಿಗಳು ಒಂದರ ಮೇಲೊಂದು ಬಿದ್ದು ಕುಡಿದವು. ಕುರಿಯವನು ಕೊನೆಗೆ ಬಂದು, ಪೈಪಿಗೆ ಬೊಗಸೆ ಒಡ್ಡಿ, ಮುಖ ತೊಳೆದುಕೊಂಡು ತಾನೂ ಕುಡಿದ.

ಅಷ್ಟರಲ್ಲಿ ಅಣ್ಣನ ಬೈಕು ಬಂತು. ಪಾಲಿಗೆ ಮಾಡುವವನು ಫೋನು ಮಾಡಿದ್ದನಂತೆ. ಬೈಕು ನಿಲ್ಲಿಸಿದವನು ಮೊದಲು ನೋಡಿದ್ದು ಬೀಗವನ್ನು.

"ಅವ್ವಾ, ಏನ್ ಮಾಡ್ದಿ ಇದು?"

"ನೀರ್ ಬಿಟ್ಟೀನಿ."

"ಯಾರಿಗಿ ಕೇಳಿ?"

"ನೀ ಹೇಳ್ದಿ ಅಂತ ಬಿಟ್ಟೀನಿ. ಆ ತೆಲುಗು ಅಯ್ಯನವರ ಮಾತು ನನಗೇನು ತಿಳೀತದ? ನಿನ್ನ ಬಾಯಿಂದೇ ಕೇಳೀನಿ. ಇವತ್ತೇ ಕೊಡು, ನಾಳಿ ಅನಬ್ಯಾಡ ಅಂದಿ. ನಿನ್ನಿ ಹೊತ್ತು ಮುಳುಗಿತ್ತು, ಬಸ್ ಇರಲಿಲ್ಲ."

ಅಣ್ಣ ನನ್ನ ಕಡೆ ನೋಡಿದ. ಇದೆಲ್ಲ ನನ್ನ ಕಿತಾಪತಿ ಎಂದುಕೊಂಡಿರಬೇಕು. ಅಷ್ಟು ಖುಷಿಯಾಗಿ ನಾನು ಯಾವ ಪ್ರಸಂಗವನ್ನೂ ಕೇಳಿರಲಿಲ್ಲ.

"ಅದು ಆತ್ಮಿಕ ಅರ್ಥ ಅವ್ವ" ಎಂದ, ಸಂಡೇ ಸ್ಕೂಲಿನ ಮಕ್ಕಳಿಗೆ ಹೇಳುವ ದನಿಯಲ್ಲಿ. "ನೀರು ಅಂದ್ರ ಈ ನೀರಲ್ಲ. ವಾಕ್ಯದ ನೀರು. ಆತ್ಮದ ನೀರಡಿಕಿ ಇದ್ದವರಿಗಿ ಸುವಾರ್ತಿ ಹೇಳಬೇಕು ಅಂತ ಅದರ ಅರ್ಥ."

ಅವ್ವ ಕುರಿಗಳ ಕಡೆ ನೋಡಿದಳು. "ಕುರಿಗಿ ಅದು ಕುಡೀಲಕ್ಕ ಬರಲ್ಲಪ್ಪ."

ಅಣ್ಣನ ಮುಖ ಕೆಂಪಾಯಿತು. ಆಗ ಅವನ ಬಾಯಿಂದ ಆ ದಿನದ ಒಂದೇ ಒಂದು ನಿಜವಾದ ಮಾತು ಬಂತು. ಮೈಕಿನ ದನಿ ಅಲ್ಲ, ಸಂಡೇ ಸ್ಕೂಲಿನ ದನಿಯೂ ಅಲ್ಲ, ಹುಡುಗನಾಗಿದ್ದಾಗಿನ ದನಿ. "ಮರ್ತಿಯೇನು? ಈ ಊರಾಗ ನಮಗ ಬಾವಿ ಮೆಟ್ಟಲಾ ಹತ್ತಲಕ್ಕ ಬಿಡ್ತಿದ್ದಿಲ್ಲ. ನೀನೇ ಹೇಳಿದ್ದಿ. ದೂರ ನಿಂತು ಕೈ ಮುಗೀಬೇಕು, ಅವರಿಗಿ ಮನಸ್ಸಾದ್ರ ಸುರೀಬೇಕು. ಇವನ ಅಜ್ಜಿನೇ ಅಲ್ಲೇನು ಬಾವಿ ಮ್ಯಾಲ ನಿಂದ್ರವಳು? ಈಗ ಇವರ ಕುರಿಗಿ ನಾವು ನೀರ್ ಕುಡಸಬೇಕು?"

ಕುರಿಯವನು ಅಲ್ಲೇ ಇದ್ದ. ಎಲ್ಲ ಕೇಳಿಸಿಕೊಂಡ. ನೆಲ ನೋಡುತ್ತ ನಿಂತ. ನನ್ನ ನಗು ಎಲ್ಲಿಗೋ ಹೋಯಿತು. ಅಣ್ಣನನ್ನು ಅವಹೇಳನ ಮಾಡಲು ನನ್ನ ಹತ್ತಿರ ಇದ್ದ ಮಾತುಗಳಲ್ಲಿ ಯಾವುದೂ ಇದಕ್ಕೆ ಹೊಂದುತ್ತಿರಲಿಲ್ಲ.

"ಮರ್ತಿಲ್ಲ" ಎಂದಳು ಅವ್ವ. "ಒಂದಿನ ಸುರೀತಿದ್ದಳು, ಒಂದಿನ ಸುರೀತಿದ್ದಿಲ್ಲ. ಸುರೀಲಾರದ ದಿನ ಖಾಲಿ ಕೊಡ ತಗೊಂಡು ಬರ್ತಿದ್ದೆ, ನಿಮ್ಮಜ್ಜಿ ಬೈತಿದ್ದಳು. ಆಗ ನನ್ನ ಹೊಟ್ಯಾಗ ನಿಮ್ಮ ಅಕ್ಕ ಇತ್ತು, ಉಳೀಲಿಲ್ಲ ಅದು." ತೊಟ್ಟಿಯ ಅಂಚಿನಿಂದ ಒಂದು ಮುಳ್ಳು ಹೆಕ್ಕಿ ಆಚೆ ಎಸೆದು ಹೇಳಿದಳು: "ಅವರಿಗಿ ಈ ಮಾತು ಯಾರೂ ಹೇಳಿದ್ದಿಲ್ಲ. ನಿನಗ ಹೇಳ್ಯಾರ. ನೀ ಊರಿಗೆಲ್ಲ ಹೇಳೀದಿ."

ಅಣ್ಣ ಬೈಕು ತಿರುಗಿಸಿಕೊಂಡು ಹೋದ.

ಒಬ್ಬ ಮನುಷ್ಯ ಅಲ್ಲಿಗೆ ಬದಲಾಗಬೇಕಿತ್ತು. ದೇವರು ತಮ್ಮನ್ನು ಬದಲಿಸಿದ್ದನ್ನು ಸಭೆಯ ಮುಂದೆ ನಿಂತು ಸಾಕ್ಷಿ ಹೇಳುವವರ ಕಥೆಗಳಲ್ಲಿ ಹಾಗೇ ಆಗುತ್ತದೆ. ನಮ್ಮ ಅಣ್ಣ ಭಾಲ್ಕಿಗೆ ಹೋಗಿ ಹೊಸ ಬೀಗ ತಂದ, ಈ ಸಲ ಹಿತ್ತಾಳೆಯದು, ದೊಡ್ಡದು. ಸಭೆಯ ಹಿರಿಯರಿಗೆ ಅವ್ವನ ತಲೆ ಯಾಕೋ ಸರಿ ಇಲ್ಲ, ಪ್ರಾರ್ಥನೆ ಮಾಡಿರಿ ಎಂದು ಹೇಳಿದ. ಸ್ತ್ರೀಯರ ಸಂಘದವರು ಎಣ್ಣೆಯ ಬಾಟಲಿ ಹಿಡಿದು ಬಂದು ಅವ್ವನ ಹಣೆಗೆ ಹಚ್ಚಿ, ಮರೆವಿನ ಆತ್ಮ ತೊಲಗಲಿ ಎಂದು ಕೂಗಿದರು. ಅವ್ವ ಕಣ್ಣು ಮುಚ್ಚಿ ಕೂತು ಹಚ್ಚಿಸಿಕೊಂಡಳು, ಅವರಿಗೆಲ್ಲ ಚಹಾ ಮಾಡಿಕೊಟ್ಟಳು. ಯಾರ ಕಪ್ಪಿಗೆ ಸಕ್ಕರೆ ಬೇಡ ಎಂಬುದೂ ಅವಳಿಗೆ ನೆನಪಿತ್ತು. ವಾರದೊಳಗೆ ಅಣ್ಣ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಔರಾದಿಗೆ ಒಯ್ದು ನನ್ನ ತಂಗಿಯ ಮನೆಯಲ್ಲಿ ಬಿಟ್ಟ. ತಂಗಿ ಅಲ್ಲಿ ಅಂಗನವಾಡಿ ಟೀಚರು. "ಜರಾ ಹವಾ ಬದಲಾಗಲಿ" ಎಂದನಂತೆ. ಔರಾದಿನ ಬೇಸಿಗೆಯ ಹವಾ ಕಂಡವರಿಗೆ ಈ ಮಾತಿನ ಬೆಲೆ ಗೊತ್ತು.

ಕೆಲವು ದಿನದ ಮೇಲೆ ತಂಗಿಯ ಫೋನು ಬಂತು. ಅಳುತ್ತಿದ್ದಳು. ಅವ್ವ ಮನೆಯಲ್ಲಿಲ್ಲ, ಬೆಳಗ್ಗೆ ಅಂಗನವಾಡಿಯಿಂದ ಬರುವಷ್ಟರಲ್ಲಿ ಬಾಗಿಲು ಹಾಕಿಕೊಂಡು ಎಲ್ಲಿಗೋ ಹೋಗಿದ್ದಾಳೆ. ನಾನು ಮೈಲೂರದಿಂದ ಆಟೋ ಹಿಡಿದು ಬೀದರಿನ ಬಸ್‌ಸ್ಟ್ಯಾಂಡಿಗೆ ಓಡಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ಅಲ್ಲಿ ಸೆರಗು ಹೊದ್ದ ಮುದುಕಿಯರಿಗೆ ಏನೂ ಕೊರತೆ ಇಲ್ಲ. ಔರಾದಿನಿಂದ, ಜನವಾಡದಿಂದ ಬಂದ ಒಂದೊಂದು ಬಸ್ಸಿನ ಬಾಗಿಲಲ್ಲೂ ನಿಂತು ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಪಾಲಿಗೆ ಮಾಡುವವನ ಫೋನು ಬಂದು ಗೊತ್ತಾಯಿತು. ಅವ್ವ ಬಸ್ಸು ಬದಲಿಸುತ್ತ ಬದಲಿಸುತ್ತ ಖಟಕ ಚಿಂಚೋಳಿ ಮುಟ್ಟಿ, ಹೊಲಕ್ಕೆ ಹೋಗಿ, ತೊಟ್ಟಿಯ ದಂಡೆಯ ಮೇಲೆ ಕೂತಿದ್ದಳು.

ಈ ಸಲ ಕಲ್ಲು ಹಿಡಿಯಲಿಲ್ಲ. ಕೂತಳು ಅಷ್ಟೇ. ದಾರಿಯಲ್ಲಿ ಹೋಗುವವರು, "ಯಾಕ ಆಯಿ, ಇಲ್ಲಿ ಕೂತೀದಿ?" ಎಂದರೆ, "ನಮ್ಮ ಮಗ ಬರ್ತಾನ, ನೀರ್ ಬಿಡ್ತಾನ, ಅದಕ್ಕ ಕೂತೀನಿ" ಎನ್ನುತ್ತಿದ್ದಳು. ಹಳೆಯ ಮನೆಯ ಬೀಗ ತೆಗೆಸಿ, ಕಸ ಹೊಡೆದು, ಅಲ್ಲೇ ಉಳಿದುಬಿಟ್ಟಳು. ಬೆಳಗ್ಗೆ ಹೊಲಕ್ಕೆ, ಹೊತ್ತು ಇಳಿದ ಮೇಲೆ ಮನೆಗೆ. ನಾನು ಹೋಗಿ ಎರಡು ದಿನ ಜೊತೆಗಿದ್ದು ಬುದ್ಧಿ ಹೇಳಿದೆ.

"ಅವ ಬರಾಂಗಿಲ್ಲ ಅವ್ವ. ಅವನಿಗಿ ಇದೆಲ್ಲ ಬರೇ ಬಾಯಿ."

"ಕೈ ಎತ್ಯಾನಲ್ಲ."

"ಎಲ್ಲರೂ ಎತ್ತತಾರ!"

"ಎಲ್ಲರದೂ ನನಗ್ಯಾಕ? ನನ್ನ ಮಗ ಎತ್ಯಾನ, ನಾ ನೋಡೀನಿ."

ಅವಳು ಅದನ್ನು ಚುಚ್ಚಲು ಹೇಳಿದ್ದರೆ ನನಗೆ ಅರ್ಥವಾಗುತ್ತಿತ್ತು. ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ಮಗ ಎತ್ತಿದ ಕೈಯನ್ನು ಅವಳು ನಿಜವೆಂದು ತೆಗೆದುಕೊಂಡಿದ್ದಳು. ಇಡೀ ಪೆಂಡಾಲಿನಲ್ಲಿ, ಎತ್ತಿದವನನ್ನೂ ಸೇರಿಸಿ, ಹಾಗೆ ತೆಗೆದುಕೊಂಡವರು ಇನ್ನು ಯಾರೂ ಇರಲಿಲ್ಲ.

ಊರಿನ ಬಾಯಿ ಭಾಲ್ಕಿಯ ತನಕ ಮುಟ್ಟಲು ತಡವಾಗಲಿಲ್ಲ. ಅಂಗಡಿಗೆ ಸಿಮೆಂಟು ಕೊಳ್ಳಲು ಬಂದ ಚಿಂಚೋಳಿಯವರು, "ಏನ್ರಿ ಸಾವ್ಕಾರ್ರೆ, ನಿಮ್ಮ ತಾಯಿಯವರು ಬಿಸಿಲಾಗ ನಿಮ್ಮ ಹಾದಿ ಕಾಯ್ಲಕತ್ತಾರಲ್ರಿ" ಎನ್ನತೊಡಗಿದರು. ಪಾಸ್ಟರರಿಗೂ ಸುದ್ದಿ ಹೋಯಿತು. ಟಗರು ಉಂಡವರೇ ಅವರು. ಈಗ ಅಣ್ಣನನ್ನು ಕರೆದು ಏನೋ ಹೇಳಿದರಂತೆ. ಒಂದು ಬೆಳಗ್ಗೆ ಅಣ್ಣ ಕಾರಿನಲ್ಲಿ ಬಂದ, ಯಾರ ಮುಖವನ್ನೂ ನೋಡದೆ ಹಿತ್ತಾಳೆಯ ಬೀಗ ತೆಗೆದ, ಮೋಟರು ಹಚ್ಚಿದ, ಚಾವಿಯನ್ನು ಅವ್ವನ ಪಕ್ಕ ದಂಡೆಯ ಮೇಲೆ ಇಟ್ಟು ಹೋದ. ಬಂದದ್ದು ನಂಬಿಕೆಯಿಂದಲ್ಲ, ನಾಚಿಕೆಯಿಂದ. ಅವ್ವ ಮಾತ್ರ, "ನಾ ಹೇಳಿದ್ದಿಲ್ಲೇನು?" ಎಂದು ಊರವರಿಗೆಲ್ಲ ಹೇಳಿಕೊಂಡಳು.

ಇಷ್ಟಕ್ಕೇ ನಿಂತಿದ್ದರೆ ಅಣ್ಣನ ಮೇಲೆ ನನಗೆ ಸ್ವಲ್ಪ ಗೌರವವಾದರೂ ಉಳಿಯುತ್ತಿತ್ತು. ಮಳೆಗಾಲ ಕಳೆದು ಬೀದರಿನಲ್ಲಿ ದೊಡ್ಡ ಕೂಟ ನಡೆಯಿತು. ಅದೇ ಹೈದರಾಬಾದಿನ ಪ್ರಸಂಗಿ, ಅದೇ ಅನುವಾದಕ. ಆ ದಿನ ಅಣ್ಣನಿಗೆ ಸಾಕ್ಷಿ ಹೇಳಲೂ ಅವಕಾಶ ಕೊಟ್ಟಿದ್ದರು. ಅವನು ಕುರಿಯವನನ್ನು ಚಿಂಚೋಳಿಯಿಂದ ಕಾರಿನಲ್ಲಿ ಕರೆತಂದು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದ್ದ. ಪಾಪ, ಅವನು ಒಗೆದ ಧೋತರ ಉಟ್ಟು, ರುಮಾಲು ಸುತ್ತಿ, ಯಾರದೋ ಮದುವೆಗೆ ಬಂದವನಂತೆ ಕೂತಿದ್ದ. ನಾನೂ ಅವ್ವನೂ ಅವನ ಹಿಂದೆ.

ಅಣ್ಣ ಶುರು ಮಾಡಿದ. ವಾಕ್ಯ ಬಂದ ರಾತ್ರಿಯೆಲ್ಲ ಅವನಿಗೆ ನಿದ್ದೆ ಹತ್ತಲಿಲ್ಲವಂತೆ. ದೇವರು ಅವನ ಸಂಗಡ ಹೋರಾಡಿದರಂತೆ. ಬೆಳಗಾಗುತ್ತಲೇ ತನ್ನ ಕೈಯಿಂದ ಬೀಗ ಒಡೆದನಂತೆ. ಪರದೆಯ ಮೇಲೆ ಕುರಿಗಳು ನೀರು ಕುಡಿಯುವ ಫೋಟೊ ಬಂತು. "ಇವತ್ತು ಆ ನನ್ನ ಶತ್ರು ನನ್ನ ತಮ್ಮ ಆಗಿ ಇಲ್ಲಿ ಕೂತಾನ!" ಎಂದು ಕೈ ಚಾಚಿದ. ಜನ ಚಪ್ಪಾಳೆ ತಟ್ಟಿದರು. ಯಾರೋ ಕುರಿಯವನನ್ನು ಎಬ್ಬಿಸಿ ಶಾಲು ಹೊದಿಸಿದರು. ಅವನು ಎಲ್ಲರಿಗೂ ಕೈ ಮುಗಿದು, ಕೂತ ಮೇಲೆ ಹಿಂದಕ್ಕೆ ಬಾಗಿ ನನ್ನನ್ನು ಕೇಳಿದ:

"ಅಕ್ಕಾ, ಶತ್ರು ಅಂದ್ರ ನನಗೇ ಅಂದ್ರೇನ್ರಿ ಸಾವ್ಕಾರ್ರು? ನಾ ಯಾವಾಗ ಶತ್ರು ಆಗಿದ್ದೇರಿ?"

ನನ್ನ ಮೈಯೆಲ್ಲ ಉರಿಯಿತು. ಎದ್ದು ನಿಂತೆ. ಅಷ್ಟು ಜನರ ಮುಂದೆ, ಬೀಗ ಒಡೆದವಳು ಇಲ್ಲಿದ್ದಾಳೆ, ತಲೆ ಕೆಟ್ಟಿದೆ ಎಂದು ನೀನು ಎಣ್ಣೆ ಹಚ್ಚಿಸಿದ್ದು ಇವಳಿಗೇ, ಎಂದು ಕೂಗಬೇಕೆಂದಿದ್ದೆ. ಅವ್ವ ನನ್ನ ಸೀರೆಯ ನಿರಿಗೆ ಹಿಡಿದು ಜಗ್ಗಿದಳು.

"ಕೂಡು."

"ಸುಳ್ಳ್ ಹೇಳ್ಲಕತ್ತಾನ ಅವ್ವ!"

"ಹೇಳ್ಲಿ. ಇಷ್ಟ್ ಮಂದಿ ಮುಂದ ಹೇಳ್ಯಾನ. ಇನ್ನ ಬೀಗ ಹಾಕಲಕ್ಕ ಬರಲ್ಲ."

ನಾನು ಕೂತೆ. ಅವ್ವ ಹೇಳಿದ್ದು ಖರೆ. ಆ ಸಾಕ್ಷಿ ಆದ ಮೇಲೆ ಅಣ್ಣನಿಗೆ ಬೀಗದ ದಾರಿ ಮುಚ್ಚಿಹೋಯಿತು. ಅವನು ತನ್ನ ಸುಳ್ಳಿಗೆ ತಕ್ಕಂತೆ ಬದುಕಲೇಬೇಕಾಯಿತು. ಈಗ ತೊಟ್ಟಿಯ ಪಕ್ಕ ದೇವರ ಮಹಿಮೆಗಾಗಿ ಎಂದು ಬರೆಸಿದ ಕಲ್ಲೊಂದಿದೆ. ದೇವರು ಸಣ್ಣ ಅಕ್ಷರದಲ್ಲಿ, ಅಣ್ಣನ ಹೆಸರು ದೊಡ್ಡ ಅಕ್ಷರದಲ್ಲಿ. ಸಾಕ್ಷಿಯೂ ವರ್ಷ ವರ್ಷ ಬೆಳೆಯುತ್ತಿದೆ. ಈಚೆಗೆ ಕೇಳಿದಾಗ ಅವನಿಗೆ ಬೇವಿನ ಗಿಡದ ಕೆಳಗೆ ಬೆಳಕು ಕಂಡಿತ್ತು.

ಅವ್ವ ಔರಾದಿಗೂ ಹೋಗಲಿಲ್ಲ, ಭಾಲ್ಕಿಗೂ ಹೋಗಲಿಲ್ಲ. ಚಿಂಚೋಳಿಯ ಮನೆಯಲ್ಲೇ ಇದ್ದಾಳೆ. ಕುರಿಯವನ ಹೆಂಡತಿ ಬೆಳಗ್ಗೆ ಹಾಲು ತಂದುಕೊಡುತ್ತಾಳೆ, ಒಳಗೆ ಬಂದು ನಮ್ಮ ಕೊಡದಿಂದ ನೀರು ತೆಗೆದು ಕುಡಿಯುತ್ತಾಳೆ. ಮೊದಲ ಸಲ ಅವಳು ಹೊಸ್ತಿಲಲ್ಲಿ ಅರೆ ಗಳಿಗೆ ನಿಂತು ಯೋಚಿಸಿದಳಂತೆ, ಆಮೇಲೆ ಒಳಗೆ ಬಂದಳಂತೆ. ಅವ್ವ ಇದನ್ನು ಹೇಳಿದ್ದು ಬೆಲ್ಲ ತೀರಿದೆ ಎನ್ನುವುದರ ಜೊತೆಗೆ, ಅಷ್ಟೇ ದನಿಯಲ್ಲಿ.

ಹೋದ ತಿಂಗಳು ಹೋಗಿದ್ದೆ. ನಾನು, ಅವ್ವ, ಕುರಿಯವನ ಹೆಂಡತಿ ಮೂವರೂ ತೊಟ್ಟಿಯ ದಂಡೆಯ ಮೇಲೆ ಕೂತಿದ್ದೆವು. ನಾನು ಅಣ್ಣನ ಹೊಸ ಸಾಕ್ಷಿಯನ್ನು, ಅವನ ಅಳುವನ್ನು, ಕೈ ಎತ್ತುವುದನ್ನು ಆಡಿ ತೋರಿಸುತ್ತಿದ್ದೆ. ಕುರಿಯವನ ಹೆಂಡತಿ ನಕ್ಕು ನಕ್ಕು ಸೆರಗು ಬಾಯಿಗೆ ಒತ್ತಿಕೊಂಡಳು. ಅವ್ವ ನಗಲಿಲ್ಲ.

"ಅವ ಕೇಳ್ತಾನ, ಅಳ್ತಾನ. ನೀ ಕೇಳ್ತಿ, ನಗ್ತಿ" ಎಂದಳು. "ಇಬ್ಬರೂ ಕೂತಲ್ಲೇ ಕೂತಿರ್ತೀರಿ."

ನನಗೆ ಸಿಟ್ಟು ಬಂತು. ಅವನ ಸಾಲಿನಲ್ಲಿ ನನ್ನನ್ನು ಕೂರಿಸಿದ್ದಕ್ಕೆ ಬಂದ ಸಿಟ್ಟು.

ಅವ್ವ ತೊಟ್ಟಿಯೊಳಗೆ ಬೆರಳು ಆಡಿಸಿ ಪಾಚಿ ತೆಗೆದು ನನ್ನ ಮುಂದೆ ಹಿಡಿದಳು. "ನೋಡು, ಎಷ್ಟ್ ಜಾರ್ತದ. ಮರಿ ಬಿದ್ದು ಸತ್ತಾವು. ಸೀರಿ ಮ್ಯಾಲ ಕಟ್ಟಿ ಇಳಿ."

ನೀರು ಹೊರಗೆ ಬಿಟ್ಟೆವು. ನಾನೂ ಕುರಿಯವನ ಹೆಂಡತಿಯೂ ಒಳಗೆ ಇಳಿದು, ತೆಂಗಿನ ನಾರಿನಿಂದ ತಿಕ್ಕತೊಡಗಿದೆವು. ಪಾಚಿ ಉಗುರಿನೊಳಗೆ ಹೋಯಿತು, ಕುರಿಯ ಜೊಲ್ಲು, ಹಿಕ್ಕೆ, ಕೊಳೆತ ಎಲೆ ಎಲ್ಲ ಮೊಣಕಾಲಿನವರೆಗೆ. ಸೊಂಟ ಹಿಡಿದುಕೊಂಡಿತು. ಅವ್ವ ಮೇಲಿನಿಂದ, "ಆ ಮೂಲಿ ಬಿಟ್ಟಿ ನೋಡು" ಎಂದು ತೋರಿಸುತ್ತಿದ್ದಳು.

ಅರ್ಧ ಮುಗಿದಿರಬೇಕು, ದಾರಿಯಲ್ಲಿ ಕಾರು ನಿಂತ ಸದ್ದಾಯಿತು. ಅಣ್ಣ ಇಳಿದು ಬಂದ. ನಮ್ಮನ್ನು ನೋಡಿ ಅವನ ಮುಖ ಅರಳಿತು. ಜೇಬಿನಿಂದ ಫೋನು ತೆಗೆದ.

"ಹಂಗೇ ಇರ್ರಿ, ಹಂಗೇ ಇರ್ರಿ. ಮುಂದಿನ ಕೂಟಕ್ಕ ಬೇಕಾಗ್ತದ. ಜರಾ ಈ ಕಡಿ ನೋಡವ್ವ ತಂಗಿ."

ನಾನು ಅವನಿಗೆ ಬೆನ್ನು ಮಾಡಿ ಮೂಲೆ ತಿಕ್ಕಿದೆ.